ಒಂಟಿಯಾಗಿ ಮನೆಯಲ್ಲೇ ಇರಬೇಕಾದಾಗ ದಿನಗಳಿಗೆ ಅರ್ಥ ಕಂಡುಕೊಳ್ಳುವುದು ಹೇಗೆ?

ಪ್ರಶ್ನೆ:
ಚಿಕಿತ್ಸೆಯ ನಂತರ ನನ್ನ ರೋಗನಿರೋಧಕ ಶಕ್ತಿ ಕುಂದಿರುವುದರಿಂದ, ಮೂರು ತಿಂಗಳು ಯಾರನ್ನೂ ಹತ್ತಿರ ಸೇರಿಸದೆ ಮನೆಯಲ್ಲೇ ಇರಬೇಕೆಂದು ವೈದ್ಯರು ಹೇಳಿದ್ದಾರೆ. ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಸೋಂಕು ತಗಲಬಹುದೆಂದು ಕುಂಡದ ಗಿಡಗಳನ್ನೂ ಕೋಣೆಯಿಂದ ತೆಗೆಸಿದ್ದಾರೆ. ಈಗ ಐದು ವಾರಗಳಾಗಿವೆ. ಪುಸ್ತಕಗಳಿವೆ, ಫೋನಿನಲ್ಲಿ ಮಾತನಾಡುವವರೂ ಇದ್ದಾರೆ. ಆದರೂ ನಿನ್ನೆಗೂ ಇಂದಿಗೂ ವ್ಯತ್ಯಾಸ ತಿಳಿಯದಂತಾಗಿ, ಈ ದಿನಗಳು ನನ್ನ ಆಯುಷ್ಯದ ಲೆಕ್ಕಕ್ಕೇ ಸೇರುವುದಿಲ್ಲವೇನೋ ಎಂಬ ಭಾವನೆ ಕಾಡುತ್ತದೆ. ನನ್ನ ಪಾಲಿಗೆ ಉಳಿದಿರುವುದು ಪೂರ್ವಕ್ಕೊಂದು ಕಿಟಕಿ, ಅದರಾಚೆ ಒಂದು ಮರ. ಇಂಥ ಕಾಲವನ್ನು ಕಳೆದವರಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ಶ್ವಾಸಕೋಶದ ಸೋಂಕಿನಿಂದಾಗಿ ನಾನೂ ಎಂಟು ವಾರ ಒಂದೇ ಕೋಣೆಯಲ್ಲಿದ್ದೆ. ಪೂರ್ವದ ಕಿಟಕಿ ಇರುವುದು ನಿಮ್ಮ ಭಾಗ್ಯವೆಂದೇ ಹೇಳುತ್ತೇನೆ. ಬೆಳಗಿನ ಒಂದು ನಿಗದಿತ ಸಮಯಕ್ಕೆ ಎದುರುಗೋಡೆಯ ಮೇಲೆ ಬಿಸಿಲಿನ ಅಂಚು ಎಲ್ಲಿ ಬೀಳುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಜೂನ್ 21ರ ಸುಮಾರಿನವರೆಗೆ ಉತ್ತರಕ್ಕೂ, ಅಲ್ಲಿಂದ ಡಿಸೆಂಬರ್ 21ರ ಸುಮಾರಿನವರೆಗೆ ದಕ್ಷಿಣಕ್ಕೂ ಸರಿಯುವ ಸೂರ್ಯೋದಯವನ್ನು ಶಾಲೆಯಲ್ಲಿ ಓದಿ ಮರೆತಿದ್ದ ನನಗೆ, ಅದು ನನ್ನ ಗೋಡೆಯ ಮೇಲೇ ನಡೆಯುತ್ತಿದೆಯೆಂದು ತಿಳಿದ ದಿನ ಕಣ್ಣು ತುಂಬಿ ಬಂದಿತ್ತು. ಹುಣ್ಣಿಮೆಯ ಸಂಜೆ ಅದೇ ಕಿಟಕಿಯಲ್ಲಿ ಚಂದ್ರನನ್ನು ನೋಡಿ. ಮರುದಿನದಿಂದ ಅವನು ಸರಾಸರಿ 50 ನಿಮಿಷ ತಡವಾಗಿ ಏಳುತ್ತಾ ಹೋಗುತ್ತಾನೆ. ಮರವನ್ನು ಇಡಿಯಾಗಿ ನೋಡಬೇಡಿ, ಒಂದೇ ಕೊಂಬೆಯನ್ನು ಆರಿಸಿಕೊಳ್ಳಿ. ಚಿಗುರು ಯಾವಾಗ ಬಣ್ಣ ಬದಲಿಸಿತು, ಯಾವ ಹಕ್ಕಿ ಎಷ್ಟು ಹೊತ್ತಿಗೆ ಬಂದು ಕುಳಿತಿತು ಎಂದು ದಿನಕ್ಕೆ ಎರಡು ಸಾಲು ಬರೆದರೆ ಸಾಕು. ಹಾಗೆ ಬರೆಯತೊಡಗಿದ ಮೇಲೆ ನನಗೆ ಯಾವ ಎರಡು ದಿನಗಳೂ ಒಂದೇ ರೀತಿ ಕಾಣಲಿಲ್ಲ.

ಉತ್ತರ 2:
ಮೇಲಿನವರ ಮಾತಿಗೆ ಆಧಾರವೂ ಇದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ರೋಜರ್ ಉಲ್ರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿಯಾಚೆ ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಮರಗಳು ಕಾಣುತ್ತಿದ್ದವರು ಬೇಗ ಮನೆಗೆ ಮರಳಿದ್ದರು ಮತ್ತು ಅವರಿಗೆ ಪ್ರಬಲ ನೋವುನಿವಾರಕಗಳ ಅಗತ್ಯವೂ ಕಡಿಮೆಯಿತ್ತು. ಅಧ್ಯಯನ ಚಿಕ್ಕದು, ನಿಜ. ಆದರೂ ಮರವನ್ನು ನೋಡುತ್ತಾ ಕೂರುವುದನ್ನು ಕಾಲಹರಣವೆಂದು ಭಾವಿಸಬೇಡಿ.

ಉತ್ತರ 3:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕಿಟಕಿಯ ನೋಟ ಮನುಷ್ಯರ ಒಡನಾಟದ ಕೊರತೆಯನ್ನು ಪೂರ್ತಿಯಾಗಿ ತುಂಬಲಾರದು, ತುಂಬಲಿಲ್ಲವೆಂದು ನೀವು ನೊಂದುಕೊಳ್ಳಲೂ ಬಾರದು. ಕಂಡದ್ದನ್ನು ಪ್ರತಿದಿನ ಒಬ್ಬರಿಗಾದರೂ ಹೇಳಿ. ಯಾವುದರಲ್ಲೂ ಆಸಕ್ತಿಯಿಲ್ಲದ ಮನಃಸ್ಥಿತಿ ಎರಡು ವಾರ ಬಿಡದೆ ಮುಂದುವರಿದರೆ, ಅದು ಖಿನ್ನತೆಯಿರಬಹುದಾದ್ದರಿಂದ ವೈದ್ಯರಿಗೆ ತಿಳಿಸಲು ಸಂಕೋಚಪಡಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಏಳು ಗಂಟೆಗೆ ಗೋಡೆಯ ಮೇಲೆ ಮೊದಲ ಗೆರೆ ಎಳೆದು, ಫೋನಿನಲ್ಲಿ ಅಕ್ಕನಿಗೆ ಅದನ್ನು ತೋರಿಸಿದೆ. ಕಿಟಕಿಗೆ ಹತ್ತಿರವಿರುವ ಕೊಂಬೆಯಲ್ಲಿ ಹನ್ನೊಂದು ಎಲೆಗಳಿವೆ, ತುದಿಯ ಎರಡು ಇನ್ನೂ ಕೆಂಪಗಿವೆ. ಮರದ ಹೆಸರು ನನಗೆ ಗೊತ್ತಿಲ್ಲ. ಹೂ ಬಿಟ್ಟಾಗ ಇಲ್ಲಿ ವಿವರಿಸುತ್ತೇನೆ, ಗುರುತಿಸಬಲ್ಲವರು ತಿಳಿಸಿ.