ಸ್ಪ್ರಿಂಗ್ ಏರ್ ರೈಫಲ್‌ಗೆ 3-9×40 ಸ್ಕೋಪ್: 10 ಮೀಟರ್‌ನಲ್ಲಿ ಮಸುಕು ಯಾಕೆ?

ಪ್ರಶ್ನೆ: .177 (4.5 ಮಿಮೀ ಪೆಲೆಟ್) ಸ್ಪ್ರಿಂಗ್ ರೈಫಲ್, 11 ಮಿಮೀ ಡವ್‌ಟೇಲ್ (ಸ್ಕೋಪ್ ಕೂರಿಸುವ ಗಾಡಿ). ಕಾಗದದ ಗುರಿ, 10ರಿಂದ 25 ಮೀಟರ್. 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪನ್ನು 9 ಪಟ್ಟಿಗೆ ತಿರುಗಿಸಿದರೆ ಎಲ್ಲ ಮಸುಕು, ಪೆಲೆಟ್ ಬೀಳೋ ಜಾಗವೂ ದಿನಕ್ಕೊಂದು. ಲೆನ್ಸ್ ಹೋಗಿದೆಯಾ?

ಉತ್ತರ 1: ಲೆನ್ಸ್ ಅಲ್ಲ, ಪ್ಯಾರಲಾಕ್ಸ್, ಅಂದರೆ ಗುರಿಯ ಬಿಂಬವೂ ಸ್ಕೋಪಿನೊಳಗಿನ ಅಡ್ಡಗೆರೆಯೂ ಒಂದೇ ಸಮತಲದಲ್ಲಿ ಕೂರದಿರುವುದು. ಮದ್ದಿನ ಬಂದೂಕಿಗೆಂದು ಮಾಡಿದ ಸ್ಕೋಪ್‌ಗಳು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿ ಬರುತ್ತವೆ. ಖಾಲಿ ರೈಫಲನ್ನು ಮರಳುಚೀಲದ ಮೇಲಿಟ್ಟು, ಮುಟ್ಟದೆ ತಲೆಯನ್ನಷ್ಟೇ ಅತ್ತಿತ್ತ ಆಡಿಸಿ ನೋಡಿ. ಅಡ್ಡಗೆರೆ ಗುರಿಯ ಮೇಲೆ ಜಾರಿದರೆ ಅದೇ ರೋಗ. ಮುಂದಿನ ಉಂಗುರ ತಿರುಗಿಸಿ 10 ಮೀಟರ್‌ವರೆಗೆ ಇಳಿಸಬಹುದಾದ 'ಎಓ' (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಸ್ಕೋಪ್ ತಗೊಳ್ಳಿ. ಅಲ್ಲಿಯವರೆಗೆ 4 ಪಟ್ಟಿನಲ್ಲೇ ಹೊಡೆಯಿರಿ.

ಉತ್ತರ 2: ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟನ್ನೂ ನೋಡಿ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೆ ಎಳೆಯುತ್ತೆ. ಆ ಎರಡನೇ ಜಗ್ಗಿಗೆ ಸ್ಕೋಪ್ ಡವ್‌ಟೇಲ್ ಮೇಲೆ ಹಿಂದಕ್ಕೆ ಸರಿಯುತ್ತೆ. ಮೌಂಟಿನ ಹಿಂದೆ ಪೆನ್ಸಿಲ್ ಗೀಟು ಹಾಕಿ 20 ಪೆಲೆಟ್ ಹೊಡೆಯಿರಿ. ಗೀಟು ಮುಚ್ಚಿಹೋದರೆ ಸ್ಟಾಪ್ ಪಿನ್ (ಸರಿಯದಂತೆ ತಡೆಯುವ ಮೊಳೆ) ಇರೋ ಮೌಂಟ್ ಬೇಕು. ಸ್ಕ್ರೂ ಇನ್ನೂ ಬಿಗಿ ಮಾಡ್ತೀನಿ ಅಂತ ಹೋದರೆ ಸ್ಕೋಪಿನ ಟ್ಯೂಬ್ ನೆಗ್ಗುತ್ತೆ ಅಷ್ಟೇ. ಏರ್‌ಗನ್‌ಗೆ ತಾಳುವಂಥದ್ದು ಅಂತ ಬರೆದಿರದ ಸ್ಕೋಪ್ ಕೊಳ್ಳಲೇಬೇಡಿ, ಒಳಗಿನ ಗೆರೆ ಸಡಿಲವಾಗುತ್ತೆ.

ಉತ್ತರ 3: ಜೀರೋ ಮಾಡುವಾಗ (ಗುರಿಯಿಟ್ಟಲ್ಲೇ ಪೆಲೆಟ್ ಬೀಳುವಂತೆ ಹೊಂದಿಸುವಾಗ) ಲೆಕ್ಕ: ಕಾಲು ಎಂಓಎ (ಕೋನದ ಅಳತೆ, ಒಂದು ಡಿಗ್ರಿಯ 60ನೇ ಒಂದು ಭಾಗ) ಟರೆಟ್‌ನಲ್ಲಿ (ಹೊಂದಿಸುವ ತಿರುಗುಗುಂಡಿಯಲ್ಲಿ) ಒಂದು ಕ್ಲಿಕ್ ಅಂದರೆ 25 ಮೀಟರ್‌ಗೆ ಸುಮಾರು 1.8 ಮಿಮೀ. 2 ಸೆಂಮೀ ಕೆಳಗೆ ಬಿದ್ದರೆ 'ಅಪ್' ಕಡೆಗೆ 11 ಕ್ಲಿಕ್. ಅಂದಹಾಗೆ, 10 ಮೀಟರ್ ಸ್ಪರ್ಧೆಗೆ ಅಭ್ಯಾಸವಾದರೆ ಸ್ಕೋಪ್ ಬೇಡ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ದೂರದರ್ಶಕ ಸೈಟ್ ನಿಷಿದ್ಧ, ಪೀಪ್ ಸೈಟೇ (ಸಣ್ಣ ರಂಧ್ರದ ಮೂಲಕ ನೋಡುವ ಸೈಟ್) ಗತಿ.