ಮಂಗಳವಾರದ ಕೌನ್ಸಿಲ್ ಸಭೆ: ನಮ್ಮ ಫೈರ್ ಡಿಪಾರ್ಟ್‌ಮೆಂಟ್ ಇಟ್ಟುಕೊಳ್ಳೋಣವೋ, ಕೌಂಟಿಗೆ ಕೊಡೋಣವೋ?

ರಘು (ಅಡ್ಮಿನ್): ಎಲ್ಲರಿಗೂ ನಮಸ್ಕಾರ. ಮಂಗಳವಾರದ ಸಿಟಿ ಕೌನ್ಸಿಲ್ ಸಭೆಯ ಅಜೆಂಡಾ ಬಂದಿದೆ, ದಯವಿಟ್ಟು ಓದಿ. ನಮ್ಮೂರಿನ ಫೈರ್ ಡಿಪಾರ್ಟ್‌ಮೆಂಟ್ ಮುಚ್ಚಿ, ಆ ಕೆಲಸವನ್ನು ಕೌಂಟಿಗೆ (ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಜಿಲ್ಲೆಯಂಥ ಆಡಳಿತ) ಕಾಂಟ್ರಾಕ್ಟ್ ಕೊಡಬಹುದಾ ಎಂದು ಚರ್ಚೆ. ಅವತ್ತೇ ತೀರ್ಮಾನವೇನೂ ಇಲ್ಲ. ಕೌಂಟಿಯಿಂದ ರೇಟು ತರಿಸೋಣವೇ ಎಂದಷ್ಟೇ ಕೇಳುತ್ತಿದ್ದಾರೆ. ಆದರೆ ಒಂದು ಸಲ ರೇಟು ಕೈಗೆ ಬಂದರೆ ಆಮೇಲೆ ಮಾತೆಲ್ಲ ದುಡ್ಡಿನದ್ದೇ. ಊರಿಗೆ ಇರುವುದು ಎರಡೇ ಸ್ಟೇಷನ್. ನಾವಿರುವುದು ಊರಿನ ತುದಿಯಲ್ಲಿ, ಗುಡ್ಡದ ಬುಡದಲ್ಲಿ. ಒಂದು ಮುಚ್ಚಿದರೆ ಯಾವುದು ಮುಚ್ಚುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ವಿನಯ್: ಕೊಟ್ಟುಬಿಡಲಿ ರಘು. ಇಷ್ಟು ಚಿಕ್ಕ ಊರಿಗೆ ಒಬ್ಬ ಚೀಫ್, ಒಬ್ಬ ಡೆಪ್ಯುಟಿ, ಒಬ್ಬ ಫೈರ್ ಮಾರ್ಷಲ್, ಟ್ರೈನಿಂಗಿಗೆ ಇನ್ನೊಬ್ಬ. ಪಕ್ಕದ ಊರಲ್ಲೂ ಇದೇ ಪಟಾಲಂ. ನಮ್ಮ ಅಕ್ಕ ನೆವಾರ್ಕ್‌ನಲ್ಲಿದ್ದಾಳೆ. ನೆವಾರ್ಕ್, ಯೂನಿಯನ್ ಸಿಟಿ ಎರಡೂ 2010ರಲ್ಲೇ ಅಲಮೀಡಾ ಕೌಂಟಿಗೆ ವಹಿಸಿದವು. ಸ್ಯಾನ್ ಲಿಯಾಂಡ್ರೋ, ಡಬ್ಲಿನ್ ಅದಕ್ಕೂ ಮುಂಚೆ, 90ರ ದಶಕದಲ್ಲಿ. ಆ ಊರುಗಳೇನು ಸುಟ್ಟು ಬೂದಿಯಾಗಿವೆಯಾ? ಎಂಜಿನ್ ಮೇಲೆ ಯಾರ ಹೆಸರಿದೆ ಅಂತ ಅಕ್ಕ ತಿರುಗಿಯೂ ನೋಡಿಲ್ಲ.

ಸುಮಾ: ಹೆಸರು ಯಾರದ್ದಾದರೂ ಇರಲಿ ವಿನಯ್, ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ಮುಖ್ಯ. ಅಮ್ಮ ಬಾತ್‌ರೂಮಿನಲ್ಲಿ ಬಿದ್ದಾಗ ತುರ್ತು ನಂಬರ್ 911ಗೆ ಫೋನ್ ಮಾಡಿದೆ. ಆಂಬುಲೆನ್ಸಿಗಿಂತ ಮೊದಲು ಬಂದದ್ದು ಫೈರ್ ಎಂಜಿನ್. ಅಮ್ಮನಿಗೆ ಸೊಂಟದ ನೋವಿಗಿಂತ "ಬೆಂಕಿ ಎಲ್ಲಿ ಬಿತ್ತು?" ಅನ್ನುವ ಗಾಬರಿಯೇ ಜಾಸ್ತಿ. ಆ ಎಂಜಿನ್ನಿನಲ್ಲೇ ಪ್ಯಾರಾಮೆಡಿಕ್, ಅಂದರೆ ಸ್ಥಳದಲ್ಲೇ ತುರ್ತು ಚಿಕಿತ್ಸೆ ಕೊಡುವವರು, ಇದ್ದರು. ಇಲ್ಲಿ ಎಷ್ಟೋ ಮನೆಯಲ್ಲಿ ಅಪ್ಪ ಅಮ್ಮ ಬಂದು ಇರುತ್ತಾರೆ. ನಮಗೆ ಇದು ಬೆಂಕಿಯ ವಿಷಯವೇ ಅಲ್ಲ.

ನಳಿನಿ: ಸುಮಾ ಹೇಳಿದ್ದು ಸರಿ. ಈ ದೇಶದಲ್ಲಿ ಫೈರ್ ಡಿಪಾರ್ಟ್‌ಮೆಂಟಿಗೆ ಬರುವ ಕರೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ವೈದ್ಯಕೀಯ ತುರ್ತು. ನಿಜವಾದ ಬೆಂಕಿ ನೂರಕ್ಕೆ ನಾಲ್ಕರ ಆಸುಪಾಸು. ಹೃದಯ ನಿಂತವರಿಗೆ ಯಾರೂ ಎದೆ ಒತ್ತದೆ, ಶಾಕ್ ಕೊಡದೆ ಹೋದರೆ, ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ.

ಶ್ರೀಧರ್ ಅಂಕಲ್: ಅಲ್ಲ ಕಣಮ್ಮ, ಮಗನ ಮನೆಗೆ ಬಂದಾಗಿನಿಂದ ಇದೊಂದು ಅರ್ಥವಾಗಿಲ್ಲ. ಸರ್ಕಾರದ ಕೆಲಸವನ್ನು ಊರಿನವರು ಇಟ್ಟುಕೊಳ್ಳುವುದೇನು, ಬಿಡುವುದೇನು? ನಮ್ಮ ಹಾಸನದಲ್ಲಿ ಅಗ್ನಿಶಾಮಕ ಠಾಣೆ ರಾಜ್ಯ ಸರ್ಕಾರದ್ದು. ಊರಿನ ಆಡಳಿತ ಅದರ ತಂಟೆಗೇ ಹೋಗುವುದಿಲ್ಲ.

ರಘು (ಅಡ್ಮಿನ್): ಅಂಕಲ್, ಕರ್ನಾಟಕದಲ್ಲಿ 1964ರ ಕಾಯ್ದೆಯಿಂದ ಅದು ರಾಜ್ಯದ ಇಲಾಖೆ. ಮುಂಬೈಯಲ್ಲಿ ನೋಡಿದರೆ ಪಾಲಿಕೆಯದ್ದು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಗಳಿಗೆ ಕೊಡಬಹುದಾದ ಕೆಲಸಗಳಲ್ಲಿ ಅಗ್ನಿಶಾಮಕವೂ ಇದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಊರಿಗೊಂದು ರೀತಿ. ಫ್ರೀಮಾಂಟ್‌ಗೆ ಸ್ವಂತದ್ದು. ಕ್ಯುಪರ್ಟಿನೋದಲ್ಲಿ ಸಾಂತಾ ಕ್ಲಾರಾ ಕೌಂಟಿಯವರು. ಸನಿವೇಲ್‌ನಲ್ಲಿ 1950ರಿಂದ ಪೊಲೀಸ್, ಫೈರ್ ಎರಡೂ ಒಂದೇ ಇಲಾಖೆ.

ಕಿರಣ್: ಸನಿವೇಲ್ ವಿಷಯ ನಿಜ ಅಂಕಲ್. ಒಬ್ಬರಿಗೇ ಎರಡೂ ಟ್ರೈನಿಂಗ್. ಒಂದಷ್ಟು ಕಾಲ ಪೊಲೀಸ್ ಗಾಡಿ, ಇನ್ನೊಂದಷ್ಟು ಕಾಲ ಫೈರ್ ಎಂಜಿನ್.

ಶ್ರೀಧರ್ ಅಂಕಲ್: ಭಲೇ! ಚಲನ್ ಹರಿದವರೇ ಬಂದು ಬೆಂಕಿಯನ್ನೂ ಆರಿಸುತ್ತಾರೆ ಅನ್ನಿ.

ಪ್ರಿಯಾ: ರಘು ಅವರೇ, ಈ ವಾರದ ಮಾವಿನ ಹಣ್ಣಿನ ಬಾಕ್ಸ್ ಬಂತಾ? ಎರಡು ಬೇಕಿತ್ತು.

ರಘು (ಅಡ್ಮಿನ್): ಅದು ಬೇರೆ ಥ್ರೆಡ್‌ನಲ್ಲಿ ಪ್ರಿಯಾ, ದಯವಿಟ್ಟು. ನಳಿನಿ, ನೀವು ಇನ್ನೊಂದು ಊರಿನ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತೀರಲ್ಲ. ವಿನಯ್ ಹೇಳುವಷ್ಟು ದುಡ್ಡು ನಿಜವಾಗಿ ಉಳಿಯುತ್ತದಾ?

ನಳಿನಿ: ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಈ ಕಡೆ ಬಹಳ ಊರುಗಳಲ್ಲಿ ಪಾಳಿ ಹೀಗಿದೆ: 48 ಗಂಟೆ ಕೆಲಸ, 96 ಗಂಟೆ ಬಿಡುವು. ಅಂದರೆ ಎಂಜಿನ್ನಿನ ಒಂದು ಸೀಟು ಹಗಲು ರಾತ್ರಿ ತುಂಬಿರಬೇಕಾದರೆ ಮೂರು ಜನ ಬೇಕು. ಮೂರು ಸೀಟಿಗೆ ಒಂಬತ್ತು ಜನ. ಎರಡು ಸ್ಟೇಷನ್ನಿಗೆ ಹದಿನೆಂಟು. ಇದರ ಮೇಲೆ ರಜೆ, ಗಾಯ, ಟ್ರೈನಿಂಗ್. ಅದಕ್ಕೆ ಇನ್ನಷ್ಟು ಜನ, ಇಲ್ಲವೇ ಓವರ್‌ಟೈಮ್. ಕೌಂಟಿ ಬಂದರೂ ಈ ಲೆಕ್ಕ ಇಷ್ಟೇ. ದಿನಕ್ಕೆ 24 ಗಂಟೆ ಅವರಿಗೂ ತಾನೆ.

ಉಳಿಯುವುದು ಎಲ್ಲಿ? ವಿನಯ್ ಹೇಳಿದ ಮೇಲಿನ ಹುದ್ದೆಗಳಲ್ಲಿ, ವಾಹನ ರಿಪೇರಿಯಲ್ಲಿ, ಟ್ರೈನಿಂಗಿನಲ್ಲಿ. ಅದು ನಿಜವಾದ ಉಳಿತಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಉಳಿಸುತ್ತೇವೆ ಅಂತ ಯಾರಾದರೂ ಹೇಳಿದರೆ, ಒಂದು ಸೀಟು ಹೋಗಿದೆ ಇಲ್ಲವೇ ಒಂದು ಸ್ಟೇಷನ್ ಹೋಗಿದೆ ಅಂತ ಅರ್ಥ. ಸ್ಲೈಡಿನಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿರುವುದಿಲ್ಲ.

ಇನ್ನೊಂದು ಮಾತು. ಈಗಿನ ಫೈರ್‌ನವರ ಪಿಂಚಣಿಗೆ ಇದುವರೆಗೆ ಕೂಡಿಡದೆ ಬಿಟ್ಟ ಬಾಕಿ ಕಾಂಟ್ರಾಕ್ಟ್ ಕೊಟ್ಟ ಮಾತ್ರಕ್ಕೆ ಮಾಯವಾಗುವುದಿಲ್ಲ. ಅದು ಊರಿನ ಸಾಲವಾಗಿಯೇ ಉಳಿಯುತ್ತದೆ. ಕೌಂಟಿಗೆ ಕಂತು ಕಟ್ಟುತ್ತಾ ಹಳೇ ಬಾಕಿಯನ್ನೂ ತೀರಿಸುತ್ತಿರಬೇಕು. ಹೋಲಿಕೆಯ ಕೋಷ್ಟಕದಲ್ಲಿ ಈ ಸಾಲು ಎರಡೂ ಕಡೆ ಇದೆಯಾ ಅಂತ ಮೊದಲು ನೋಡಿ.

ವಿನಯ್: ಒಪ್ಪಿದೆ ನಳಿನಿ. ಆದರೂ ಒಂದು ಪ್ರಶ್ನೆ. ನಮ್ಮ ಎಂಜಿನ್ನಿನಲ್ಲಿ ಬರುವುದು ಮೂರು ಜನ. ಉರಿಯುವ ಮನೆಯೊಳಗೆ ಇಬ್ಬರು ಹೋದರೆ ಹೊರಗೆ ಇಬ್ಬರು ಕಾಯುತ್ತಿರಬೇಕು ಅನ್ನುವುದು ನಿಯಮ. ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ವಿನಾಯಿತಿ. ಹಾಗಾದರೆ ಎರಡನೇ ಎಂಜಿನ್ ಬರಲೇಬೇಕು. ನಮ್ಮ ಇನ್ನೊಂದು ಸ್ಟೇಷನ್‌ನವರು ಬೇರೆ ಕರೆಗೆ ಹೋಗಿದ್ದರೆ ಪಕ್ಕದ ಊರಿನವರು ಬರಬೇಕು. ಈಗಲೂ ನಾವು ನಂಬಿಕೊಂಡಿರುವುದು ಅವರನ್ನೇ. ಮತ್ತೆ "ಸ್ವಂತ" ಅಂತ ಯಾಕೆ ಎದೆ ಉಬ್ಬಿಸಿಕೊಳ್ಳಬೇಕು?

ಕಿರಣ್: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದೊಡ್ಡ ಬೆಂಕಿಗೆ ಯಾವ ಊರೂ ಒಂಟಿಯಾಗಿ ನಿಲ್ಲುವುದಿಲ್ಲ.

ಸುಮಾ: ನನ್ನ ಹತ್ತಿರ ಇದೆ. ಸ್ವಂತದ್ದಾದರೆ ರಾತ್ರಿ ಎಂಜಿನ್ ನಿಲ್ಲಿಸುತ್ತೇವೆ ಅಂದ ದಿನ ನಾನು ಕೌನ್ಸಿಲಿನ ಮುಂದೆ ಹೋಗಿ ಜಗಳ ಆಡಬಹುದು. ಫಾರ್ಮರ್ಸ್ ಮಾರ್ಕೆಟ್ಟಿನಲ್ಲಿ ಸಿಕ್ಕರೂ ಬಿಡುವುದಿಲ್ಲ. ಕೌಂಟಿಗೆ ಇರುವುದು ಐದು ಜನ ಚುನಾಯಿತ ಸೂಪರ್‌ವೈಸರ್‌ಗಳು. ಇಡೀ ಕೌಂಟಿಯಲ್ಲಿ ನಮ್ಮೂರು ಎಷ್ಟರದ್ದು? ನಮ್ಮ ಗುಡ್ಡ ಎಷ್ಟರದ್ದು?

ಶ್ರೀಧರ್ ಅಂಕಲ್: ಸುಮಾ ಅವರ ಮಾತಿನಲ್ಲಿ ತೂಕ ಇದೆ. ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳಬಹುದಾ?

ನಳಿನಿ: ತೆಗೆದುಕೊಂಡವರು ಇದ್ದಾರೆ ಅಂಕಲ್. ದಕ್ಷಿಣದ ಆರೆಂಜ್ ಕೌಂಟಿಯಲ್ಲಿ ಪ್ಲಸೆಂಟಿಯಾ ಅಂತ ಚಿಕ್ಕ ಊರು. ಕೌಂಟಿ ಮಟ್ಟದ ಸಂಸ್ಥೆಯ ಖರ್ಚು ಏರುತ್ತಲೇ ಇದೆ ಅಂತ ಅದನ್ನು ಬಿಟ್ಟು 2020ರ ಜುಲೈನಲ್ಲಿ ಹೊಸದಾಗಿ ಸ್ವಂತ ಡಿಪಾರ್ಟ್‌ಮೆಂಟ್ ಶುರು ಮಾಡಿತು. ಪ್ಯಾರಾಮೆಡಿಕ್ ಕೆಲಸವನ್ನು ಖಾಸಗಿ ಆಂಬುಲೆನ್ಸ್ ಕಂಪನಿಗೆ ಕೊಟ್ಟಿತು. ಆಗ ಅದರ ಬಗ್ಗೆ ದೊಡ್ಡ ಗಲಾಟೆಯೇ ಆಯಿತು.

ನಮ್ಮ ಹತ್ತಿರದ್ದೇ ನೋಡಿ. ಬೆಲ್‌ಮಾಂಟ್, ಸ್ಯಾನ್ ಕಾರ್ಲೋಸ್ ಎರಡೂ ಸೇರಿ ಒಂದೇ ಡಿಪಾರ್ಟ್‌ಮೆಂಟ್ ನಡೆಸುತ್ತಿದ್ದವು. ಖರ್ಚು ಹಂಚಿಕೊಳ್ಳುವ ವಿಷಯದಲ್ಲಿ ಮನಸ್ತಾಪ ಬಂದು 2011ರಲ್ಲಿ ಬೇರೆಯಾದವು. ಸ್ಯಾನ್ ಕಾರ್ಲೋಸ್ ರೆಡ್‌ವುಡ್ ಸಿಟಿಗೆ ವಹಿಸಿತು. ಬೆಲ್‌ಮಾಂಟ್ ಸ್ವಂತದ್ದು ಮಾಡಿಕೊಂಡಿತು. 2019ರಲ್ಲಿ ಅದೇ ಬೆಲ್‌ಮಾಂಟ್ ಸ್ಯಾನ್ ಮಟೇಯೋ, ಫಾಸ್ಟರ್ ಸಿಟಿ ಜೊತೆ ಸೇರಿ ಮತ್ತೆ ಜಂಟಿ ಇಲಾಖೆ ಮಾಡಿತು. ಅಣ್ಣತಮ್ಮಂದಿರ ಪಾಲಿನ ಥರ, ಬೇರೆಯಾಗಿದ್ದೂ ಆಯಿತು, ಒಂದಾಗಿದ್ದೂ ಆಯಿತು.

ನನಗೆ ಭಯ ಇರುವುದು ಕಾಂಟ್ರಾಕ್ಟಿನ ಬಗ್ಗೆ ಅಲ್ಲ. ಕಾಂಟ್ರಾಕ್ಟ್ ಬೇರೆ, ಕೌಂಟಿಯ ಫೈರ್ ಡಿಸ್ಟ್ರಿಕ್ಟಿಗೆ (ಅಗ್ನಿಶಾಮಕಕ್ಕೆಂದೇ ಇರುವ ವಲಯ) ಊರನ್ನೇ ಸೇರಿಸುವುದು ಬೇರೆ. ಸ್ಯಾನ್ ಬರ್ನಾರ್ಡಿನೋ ದಿವಾಳಿಯಾದ ಮೇಲೆ, 1878ರಿಂದ ಇದ್ದ ತನ್ನ ಡಿಪಾರ್ಟ್‌ಮೆಂಟನ್ನು 2016ರಲ್ಲಿ ಹಾಗೆ ಸೇರಿಸಿತು. ಜೊತೆಗೆ ಪ್ರತಿ ಪಾರ್ಸೆಲ್‌ಗೆ, ಅಂದರೆ ಒಂದೊಂದು ಆಸ್ತಿಯ ಜಾಗಕ್ಕೆ, ವರ್ಷಕ್ಕೆ ಸುಮಾರು 150 ಡಾಲರ್ ಹೊಸ ಶುಲ್ಕವೂ ಬಂತು. ಮಂಗಳವಾರ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಎರಡರಲ್ಲಿ ಯಾವುದು?

ವಿನಯ್: ಶುಲ್ಕದ ಮಾತು ಮೊದಲೇ ಹೇಳಬಾರದಿತ್ತಾ!

ಅನುಷಾ: ನಾವು ಎಚ್‌1ಬಿ ಕೆಲಸದ ವೀಸಾ ಮೇಲೆ ಇರುವವರು. ವೋಟ್ ಇಲ್ಲ. ನಾವು ಬಂದು ಮಾತಾಡಿದರೆ ಏನಾದರೂ ತೊಂದರೆ ಆಗುತ್ತಾ? ನಮ್ಮ ಮನೆಯವರು ಸುಮ್ನೆ ಯಾಕೆ ರಿಸ್ಕ್ ಅಂತಿದ್ದಾರೆ.

ನಳಿನಿ: ಅನುಷಾ, ಇಲ್ಲಿ ಬ್ರೌನ್ ಆ್ಯಕ್ಟ್ ಅಂತ ಕಾಯ್ದೆ ಇದೆ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು. ಸಭೆಗೆ ಯಾರು ಬೇಕಾದರೂ ಬರಬಹುದು, ಮಾತಾಡಬಹುದು. ಪೌರತ್ವ ಕೇಳುವುದಿಲ್ಲ. ಒಳಗೆ ಬರಲು ಹೆಸರು ಬರೆಸಲೇಬೇಕು ಅನ್ನುವ ಷರತ್ತನ್ನೂ ಹಾಕುವಂತಿಲ್ಲ. ಮನೆ ತೆರಿಗೆ ನೀವೂ ಕಟ್ಟುತ್ತೀರಿ. ಬಾಡಿಗೆಯವರಾದರೂ ಅದು ಬಾಡಿಗೆಯಲ್ಲೇ ಸೇರಿರುತ್ತದೆ.

ಅನುಷಾ: ಹಾಗಾದರೆ ಬರುತ್ತೇನೆ. ಮಾತಾಡುತ್ತೇನೋ ಇಲ್ಲವೋ ಅಲ್ಲಿ ನೋಡೋಣ.

ರಘು (ಅಡ್ಮಿನ್): ಇಷ್ಟು ಮಾತಾದ ಮೇಲೆ ನನಗೆ ಅನಿಸುವುದು ಇದು. "ಉಳಿಸಿ" ಅಂತ ಬೋರ್ಡ್ ಹಿಡಿದು ನಿಂತರೆ ವಿನಯ್ ಥರದವರು ನಮ್ಮ ಜೊತೆ ಬರುವುದಿಲ್ಲ, ಮತ್ತು ಅವರ ಮಾತಿನಲ್ಲಿ ನ್ಯಾಯವೂ ಇದೆ. ಇಡುವುದೋ ಕೊಡುವುದೋ ಅನ್ನುವುದಕ್ಕಿಂತ ಮೊದಲು, ಏನನ್ನು ಬಿಟ್ಟುಕೊಡುವುದಿಲ್ಲ ಅಂತ ಕೌನ್ಸಿಲ್ ಬರೆದಿಡಲಿ. ಕೌಂಟಿಗೆ ರೇಟು ಕೇಳುವ ಪತ್ರದಲ್ಲೇ ಅದು ಇರಲಿ. ಗುಡ್ಡದ ಸ್ಟೇಷನ್‌ನಲ್ಲಿ ಹಗಲೂ ರಾತ್ರಿಯೂ ಮೂರು ಸೀಟು ತುಂಬಿರಬೇಕು, ಅದರಲ್ಲೊಬ್ಬರು ಪ್ಯಾರಾಮೆಡಿಕ್ ಆಗಿರಬೇಕು. ಕಟ್ಟಡ, ಜಾಗ ಊರಿನ ಹೆಸರಲ್ಲೇ ಉಳಿಯಬೇಕು. ಎಂಜಿನ್‌ಗಳನ್ನು ಕೌಂಟಿಗೆ ಕೊಟ್ಟರೂ, ಬಿಟ್ಟು ಬರುವ ದಿನ ವಾಪಸ್ ಸಿಗುವ ಹಾಗೆ ಕಾಂಟ್ರಾಕ್ಟಿನಲ್ಲಿರಬೇಕು. ಸೀಟು ಕಡಿಮೆ ಮಾಡುವ ಮೊದಲು ನಮ್ಮ ಕೌನ್ಸಿಲಿನ ಒಪ್ಪಿಗೆ ಬೇಕು. ಇಷ್ಟನ್ನೂ ಇಟ್ಟುಕೊಂಡು ಕೌಂಟಿ ಅಗ್ಗಕ್ಕೆ ಮಾಡಿದರೆ ಮಾಡಲಿ ಬಿಡಿ.

ಸುಮಾ: ಬಿಡಿ ಅನ್ನಲು ನನಗೆ ಇನ್ನೂ ಮನಸ್ಸಿಲ್ಲ. ಆದರೆ ಪತ್ರಕ್ಕೆ ಸಹಿ ಹಾಕುತ್ತೇನೆ. ಈಗಿನ ಫೈರ್‌ನವರು ಏನಂತಾರೆ ಅಂತ ಯಾರಾದರೂ ಕೇಳಿದಿರಾ?

ಕಿರಣ್: ಸ್ಟೇಷನ್ ಕಡೆ ಹೋದಾಗ ಕೇಳಿದೆ. ಕೆಲವರಿಗೆ ಕೌಂಟಿಯೇ ಇಷ್ಟ. ದೊಡ್ಡ ಇಲಾಖೆ, ಬಡ್ತಿಗೆ ದಾರಿ ಜಾಸ್ತಿ, ಬಲವಂತದ ಓವರ್‌ಟೈಮ್ ಕಡಿಮೆಯಾಗಬಹುದು ಅಂತ. ಎಲ್ಲರೂ ನಮ್ಮ ಕಡೆ ಅಂದುಕೊಳ್ಳಬೇಡಿ.

ನಳಿನಿ: ಕೊನೆಗೆ ಒಂದು. ಕಾಂಟ್ರಾಕ್ಟಿನಿಂದ ಕಾಲು ಭಾಗಕ್ಕಿಂತ ಹೆಚ್ಚು ಪ್ರದೇಶದ ಹೊಣೆ ಅಥವಾ ಕಾಲು ಭಾಗಕ್ಕಿಂತ ಹೆಚ್ಚು ನೌಕರರ ಸ್ಥಿತಿ ಬದಲಾಗುವುದಾದರೆ ಲ್ಯಾಫ್ಕೋ ಒಪ್ಪಿಗೆಯೂ ಬೇಕು. ಅದು ಊರುಗಳ ಗಡಿ, ಸೇವೆಗಳ ಬದಲಾವಣೆ ನೋಡಲು ಕೌಂಟಿಗೊಂದು ಇರುವ ಆಯೋಗ. ಅಲ್ಲೂ ಸಾರ್ವಜನಿಕ ವಿಚಾರಣೆ ಇರುತ್ತದೆ. ಹಾಗಾಗಿ ಮಂಗಳವಾರವೇ ಎಲ್ಲ ಮುಗಿದುಹೋಗುತ್ತದೆ ಅಂತ ಗಾಬರಿ ಬೇಡ. ಪತ್ರದ ಕರಡು ಇವತ್ತು ರಾತ್ರಿ ಹಾಕುತ್ತೇನೆ.

ಶ್ರೀಧರ್ ಅಂಕಲ್: ನಾನೂ ಬರಬಹುದಾ? ಕನ್ನಡದಲ್ಲಿ ಮಾತಾಡುತ್ತೇನೆ, ಯಾರಾದರೂ ಇಂಗ್ಲಿಷಿನಲ್ಲಿ ಹೇಳಿ.

ರಘು (ಅಡ್ಮಿನ್): ಖಂಡಿತ ಬನ್ನಿ ಅಂಕಲ್. ಒಬ್ಬೊಬ್ಬರಿಗೆ ಹೆಚ್ಚೆಂದರೆ ಮೂರು ನಿಮಿಷ. ಹಾಸನದ ಕಥೆ ಸ್ವಲ್ಪ ಚಿಕ್ಕದು ಮಾಡಿಕೊಳ್ಳಿ. ಸುಮಾ ಪ್ಯಾರಾಮೆಡಿಕ್ ವಿಷಯ, ನಳಿನಿ ಪಿಂಚಣಿ ಬಾಕಿ, ನಾನು ಸೀಟುಗಳ ವಿಷಯ. ಒಂದೇ ಮಾತನ್ನು ಎಲ್ಲರೂ ಹೇಳುವುದು ಬೇಡ.

ವಿನಯ್: ನಾನೂ ಬರುತ್ತೇನೆ. ಕೌಂಟಿಗೆ ಕೊಡಿ ಅಂತಲೇ ಮಾತಾಡುತ್ತೇನೆ, ಈಗಲೇ ಹೇಳಿಬಿಟ್ಟಿದ್ದೇನೆ. ಆದರೆ ಸೀಟಿನ ಷರತ್ತಿಗೆ ನನ್ನ ಸಹಿಯೂ ಇರಲಿ. ನನ್ನ ಕಾರಿನಲ್ಲಿ ನಾಲ್ಕು ಜನಕ್ಕೆ ಜಾಗ ಇದೆ. ಆರೂವರೆಗೆ ಪಾರ್ಕ್ ಹತ್ತಿರ ನಿಂತಿರಿ.