ಮಂಡಿ ಸವೆತಕ್ಕೆ ಬೊಜ್ಜು ಎಷ್ಟು ಕಾರಣ?

ಪ್ರಶ್ನೆ: ನನಗೆ 54 ವರ್ಷ. ಎತ್ತರ 155 ಸೆಂ.ಮೀ., ತೂಕ 78 ಕೆ.ಜಿ. ಒಂದು ವರ್ಷದಿಂದ ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿದ ಡಾಕ್ಟರು, ಸವೆತ ಶುರುವಾಗಿದೆ, ತೂಕ ಇಳಿಸಿ ಎಂದಷ್ಟೇ ಹೇಳಿ ಕಳಿಸಿದರು. ನಮ್ಮ ಅತ್ತೆ ತೆಳ್ಳಗಿದ್ದರು, ಅವರ ಮಂಡಿಯೂ ಸವೆದಿತ್ತು. ನನಗೆ ಈಗ ಬೆರಳ ಗೆಣ್ಣುಗಳೂ ನೋಯುತ್ತಿವೆ. ಬೆರಳ ಮೇಲೆ ಮೈಭಾರ ಬೀಳುವುದಿಲ್ಲ ಅಲ್ವಾ? ಹಾಗಾದರೆ ಎಲ್ಲದಕ್ಕೂ ತೂಕವೇ ಕಾರಣ ಅನ್ನುವುದು ಸರಿಯೇ?

ಉತ್ತರ (ಮೂಳೆ-ಕೀಲು ವೈದ್ಯೆ): ಬೆರಳಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಬೊಜ್ಜು ಇರುವವರಲ್ಲಿ ಕೈಬೆರಳ ಕೀಲು ಸವೆಯುವುದೂ ಜಾಸ್ತಿ ಎಂದು ಹಲವು ಅಧ್ಯಯನಗಳು ತೋರಿಸಿವೆ. ಅಂದರೆ ಭಾರ ಮಾತ್ರ ಕಾರಣವಲ್ಲ.

ಮೈಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಲೆಪ್ಟಿನ್, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇಂಟರ್‌ಲ್ಯೂಕಿನ್-6 ಬಿಡುವುದರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಮುಂದು. ಇವು ಕೀಲಿನೊಳಗೆ ಸಣ್ಣ ಉರಿಯೂತ ಆರದಂತೆ ನೋಡಿಕೊಳ್ಳುತ್ತವೆ. ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಯ ನುಣುಪು ಹೊದಿಕೆ) ಕರಗಿಸುವ ಕಿಣ್ವಗಳಿಗೆ ಕುಮ್ಮಕ್ಕು ಕೊಡುತ್ತವೆ. ಮಂಡಿಚಿಪ್ಪಿನ ಕೆಳಗೇ ಹೋಫಾ ಪ್ಯಾಡ್ ಎಂಬ ಪುಟ್ಟ ಕೊಬ್ಬಿನ ದಿಂಬು ಇದೆ. ಅದು ತೆಳ್ಳಗಿದ್ದವರಿಗೂ ಇರುತ್ತದೆ. ಅದು ಊದಿಕೊಂಡರೂ ಮಂಡಿಯ ಮುಂಭಾಗ ನೋಯುತ್ತದೆ.

ಆದರೆ ನಿಮ್ಮ ಬೆರಳ ನೋವು ಇದರಿಂದಲೇ ಎಂದು ನೋಡದೆ ಹೇಳಲಾರೆ. ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬೆರಳು ಬಿಗಿ ಹಿಡಿದರೆ, ಗೆಣ್ಣು ಊದಿದ್ದರೆ, ರುಮಟಾಯ್ಡ್ (ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ದಾಳಿ ಮಾಡುವ ವಾತ) ಇರಬಹುದೇ ಎಂದು ಪರೀಕ್ಷೆ ಮಾಡಿಸಿ. ಅದನ್ನು ಮುಂದಕ್ಕೆ ಹಾಕಬೇಡಿ.

ಭಾರದ ಲೆಕ್ಕವೂ ಸಣ್ಣದಲ್ಲ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸ್ಟೀಫನ್ ಮೆಸಿಯರ್ ತಂಡ 2005ರಲ್ಲಿ ಇದನ್ನು ಪ್ರಕಟಿಸಿತು. ತೂಕ 1 ಕೆ.ಜಿ. ಇಳಿದರೆ ಒಂದೊಂದು ಹೆಜ್ಜೆಯಲ್ಲೂ ಮಂಡಿಯ ಹೊರೆ ಸುಮಾರು 4 ಕೆ.ಜಿ. ಇಳಿಯುತ್ತದೆ. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಇಡುತ್ತೀರಿ ನೋಡಿ.

ಅತ್ತೆಯವರ ಮಂಡಿಗೆ ವಯಸ್ಸು, ಹಳೆಯ ಪೆಟ್ಟು, ವಂಶ, ಕುಕ್ಕರಗಾಲಲ್ಲಿ ಕೂತು ಮಾಡಿದ ಕೆಲಸ, ಹೀಗೆ ಯಾವುದಾದರೂ ಕಾರಣ ಇದ್ದಿರಬಹುದು. ವಯಸ್ಸನ್ನೂ ವಂಶವನ್ನೂ ಬದಲಿಸಲು ಆಗುವುದಿಲ್ಲ. ಅದಕ್ಕೇ ನಾವು ತೂಕ, ತೂಕ ಅನ್ನುತ್ತೇವೆ. ಆದರೆ ಇಷ್ಟನ್ನು ಬಿಡಿಸಿ ಹೇಳದೆ ಕಳಿಸಿದ್ದು ಬೇಸರದ ಸಂಗತಿ.

ಮರುಪ್ರಶ್ನೆ: ನಡೆದರೆ ನೋವು, ನಡೆಯದಿದ್ದರೆ ತೂಕ. ಏನು ಮಾಡಲಿ? ಎಷ್ಟು ಇಳಿಸಬೇಕು?

ಉತ್ತರ: ಮೊದಲ ಗುರಿ 7-8 ಕೆ.ಜಿ. ಇರಲಿ, ಅಂದರೆ ಹತ್ತರಲ್ಲೊಂದು ಪಾಲು. ಅದೇ ಮೆಸಿಯರ್ ತಂಡ 2013ರಲ್ಲಿ 454 ಜನರ ಮೇಲಿನ 18 ತಿಂಗಳ ಪ್ರಯೋಗದ ಫಲಿತಾಂಶ ಕೊಟ್ಟಿತು. ಊಟದ ನಿಯಮ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರ ತೂಕ ಶೇ. 11ರಷ್ಟು ಇಳಿಯಿತು, ನೋವು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಬರೀ ವ್ಯಾಯಾಮ ಮಾಡಿದವರ ತೂಕ ಇಳಿದದ್ದು ಶೇ. 2ರಷ್ಟು ಮಾತ್ರ.

ಹಾಗಾಗಿ ನಡೆಯಲಾಗದು ಎಂದು ಕೊರಗಬೇಡಿ. ತೂಕ ಮುಖ್ಯವಾಗಿ ಊಟದ ತಟ್ಟೆಯಲ್ಲೇ ಇಳಿಯುತ್ತದೆ. ಮುದ್ದೆಯೋ ಅನ್ನವೋ, ಒಂದೇ ಇರಲಿ, ಅದೂ ಈಗಿನದರಲ್ಲಿ ಅರ್ಧ. ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಮೊಟ್ಟೆ, ಸೊಪ್ಪು ಬರಲಿ. ಊಟ ಬಿಟ್ಟು ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ತೊಡೆಯ ಸ್ನಾಯು ಮಂಡಿಗೆ ಆಸರೆ, ಅದನ್ನು ಕಳೆದುಕೊಳ್ಳಬಾರದು.

ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ. ತೊಡೆ ಬಿಗಿ ಮಾಡಿ 5 ಎಣಿಸಿ, ಇಳಿಸಿ. ಒಂದೊಂದು ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತು. ಎರಡು ಮೂರು ವಾರದ ಮೇಲೆ ನೋವು ತಡೆಯುವಷ್ಟು ನಡೆಯಿರಿ. ಮೊದಲು 10 ನಿಮಿಷ ಸಾಕು.

ಇನ್ನೊಬ್ಬರ ಪ್ರಶ್ನೆ: ನಾನು ಗಂಡಸು, 61 ವರ್ಷ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 24. ಹೊಟ್ಟೆ ಮಾತ್ರ ಮುಂದಿದೆ, ಕೈಕಾಲು ಸಣ್ಣ. ನನಗೂ ಇದು ಅನ್ವಯಿಸುತ್ತದೆಯೇ?

ಉತ್ತರ: ಖಂಡಿತ. ನಮ್ಮವರಲ್ಲಿ ಅದೇ ಬಿಎಂಐಗೆ ಬಿಳಿಯರಿಗಿಂತ ಕೊಬ್ಬು ಜಾಸ್ತಿ. ಅದಕ್ಕೇ ನಮಗೆ 23 ದಾಟಿದರೇ ಹೆಚ್ಚು ತೂಕ ಎಂದು ಲೆಕ್ಕ. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ನಿಮ್ಮ ವಿಷಯದಲ್ಲಿ ನನಗೆ ಹೊಟ್ಟೆಯಷ್ಟೇ ಸಣ್ಣ ಕಾಲುಗಳದ್ದೂ ಚಿಂತೆ. ಕುರ್ಚಿ ವ್ಯಾಯಾಮ ಇವತ್ತೇ ಶುರು ಮಾಡಿ.